ಪಾಲುದಾರಿಕೆಯನ್ನು ಕಂಪನಿಯಾಗಿಸಿದ ಮೇಲೆ

ನಾವು ಮೂವರು ಪಾಲುದಾರರು ಹಲವು ವರ್ಷಗಳಿಂದ ಜೊತೆಯಾಗಿ ನಡೆಸಿಕೊಂಡು ಬಂದಿದ್ದ, ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಉದ್ಯಮವನ್ನು ಖಾಸಗಿ ಕಂಪನಿಯಾಗಿ ಪರಿವರ್ತಿಸಲು ಹೊರಟದ್ದು ಮುಖ್ಯವಾಗಿ ಹೊಣೆಗಾರಿಕೆಯ ಭಯದಿಂದ. ಪಾಲುದಾರಿಕೆಯಲ್ಲಿ ಉದ್ಯಮದ ಸಾಲ ತೀರದೆ ಹೋದರೆ ಪ್ರತಿಯೊಬ್ಬ ಪಾಲುದಾರನ ಸ್ವಂತ ಆಸ್ತಿಯೂ ಅದಕ್ಕೆ ಗುರಿಯಾಗುತ್ತದೆ. ಒಬ್ಬರು ಉದ್ಯಮದ ಹೆಸರಿನಲ್ಲಿ ಮಾಡಿಕೊಂಡ ಒಪ್ಪಂದಕ್ಕೆ ಉಳಿದಿಬ್ಬರೂ ಬದ್ಧರಾಗುತ್ತಾರೆ. ಷೇರು ಬಂಡವಾಳದ ಕಂಪನಿಯಲ್ಲಾದರೆ, ಷೇರಿಗೆ ಕೊಡಬೇಕಾದ ಹಣವನ್ನು ಪೂರ್ತಿ ಕೊಟ್ಟ ಷೇರುದಾರನ ಮನೆ ಬಾಗಿಲಿಗೆ ಕಂಪನಿಗೆ ಸಾಲ ಕೊಟ್ಟವರು ಬರುವಂತಿಲ್ಲ. ಈ ಒಂದು ಅನುಕೂಲಕ್ಕಾಗಿ ಆರಂಭಿಸಿದ ಕೆಲಸ ಕೊನೆಗೆ ನಮಗೆ ಕಲಿಸಿದ್ದು ಅದಕ್ಕಿಂತ ದೊಡ್ಡ ವಿಷಯವನ್ನು. ಕಂಪನಿಯಲ್ಲಿ ಒಬ್ಬನೇ ಮನುಷ್ಯ ಷೇರುದಾರನೂ ನಿರ್ದೇಶಕನೂ ಸಂಬಳ ಪಡೆಯುವ ನೌಕರನೂ ಆಗಿರಬಹುದು. ಆದರೆ ಯಾವ ಮಾತನ್ನು ಯಾವ ಸ್ಥಾನದಲ್ಲಿ ನಿಂತು ಆಡುತ್ತಿದ್ದಾನೆ ಎಂಬುದರ ಮೇಲೆ ಆ ಮಾತಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ. ಇದನ್ನು ಓದಿ ತಿಳಿಯಬಹುದು, ಆದರೆ ಮೈಗೂಡಿಸಿಕೊಳ್ಳುವುದಕ್ಕೆ ಸಭೆಗಳಲ್ಲಿ ಕೂರಬೇಕು.

ಸೀಮಿತ ಹೊಣೆಯ ವಿಷಯದಲ್ಲಿ ಮೊದಲ ಪಾಠ ಬೇಗನೆ ಆಯಿತು. ಹಳೆಯ ಸಾಲವನ್ನು ಕಂಪನಿಯ ಹೆಸರಿಗೆ ವರ್ಗಾಯಿಸಲು ಒಪ್ಪಿದ ಬ್ಯಾಂಕು ಮೂವರು ನಿರ್ದೇಶಕರ ವೈಯಕ್ತಿಕ ಜಾಮೀನನ್ನೂ ಕೇಳಿತು. ಅಂದರೆ ಕಾನೂನು ಒಂದು ಕೈಯಿಂದ ಕೊಟ್ಟ ರಕ್ಷಣೆಯ ಒಂದು ಭಾಗವನ್ನು ನಾವೇ ಸಹಿ ಮಾಡಿ ಬಿಟ್ಟುಕೊಟ್ಟೆವು. ಸಣ್ಣ ಕಂಪನಿಗಳಲ್ಲಿ ಇದು ಎಲ್ಲೆಡೆಯೂ ನಡೆಯುವ ಪದ್ಧತಿ. ಆದರೂ ರಕ್ಷಣೆ ಸುಳ್ಳಾಗಲಿಲ್ಲ: ಕಚ್ಚಾ ವಸ್ತು ಪೂರೈಸುವವರು, ದೋಷವುಳ್ಳ ಭಾಗಕ್ಕಾಗಿ ಪರಿಹಾರ ಕೇಳುವ ಗಿರಾಕಿ ಮೊದಲಾದವರ ಹಕ್ಕು ಕಂಪನಿಯ ಆಸ್ತಿಗಷ್ಟೇ ಸೀಮಿತವಾಯಿತು. ಕಂಪನಿ ಮಾಡಿಕೊಳ್ಳಲು ಯೋಚಿಸುವವರು ಜಾಮೀನಿನ ಪತ್ರವನ್ನು ಷೇರುಪತ್ರಕ್ಕಿಂತ ಹೆಚ್ಚು ಎಚ್ಚರದಿಂದ ಓದಬೇಕು ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ನೋಂದಣಿಯ ಕೆಲಸ ಹೆಚ್ಚು ವಿವರಿಸುವಂಥದ್ದಲ್ಲ. ಹೆಸರು ಬೇರೆ ಕಂಪನಿಯದ್ದನ್ನು ಹೋಲದಂತೆ ನೋಡಿಕೊಳ್ಳುವುದು, ಉದ್ದೇಶಗಳನ್ನೂ ಬಂಡವಾಳವನ್ನೂ ಹೇಳುವ ಮೆಮೊರಂಡಂ, ಒಳಾಡಳಿತದ ನಿಯಮಗಳನ್ನು ಹೇಳುವ ಆರ್ಟಿಕಲ್ಸ್, ನಿರ್ದೇಶಕರ ಒಪ್ಪಿಗೆ ಪತ್ರಗಳು, ನೋಂದಾಯಿತ ಕಚೇರಿಯ ವಿಳಾಸ, ಇವೆಲ್ಲ ಸೇರಿ ರಿಜಿಸ್ಟ್ರಾರರ ಬಳಿಗೆ ಹೋಗುತ್ತವೆ. ಕಾಯ್ದೆಯ ಜೊತೆಗೇ ಮಾದರಿ ಆರ್ಟಿಕಲ್ಸ್ ಇರುವುದರಿಂದ ಹೆಚ್ಚಿನವರು ಅದನ್ನೇ ಹಾಗೆಯೇ ಸ್ವೀಕರಿಸುತ್ತಾರೆ. ನಮಗೆ ಸಲಹೆ ನೀಡುತ್ತಿದ್ದ ಕಂಪನಿ ಸೆಕ್ರೆಟರಿ, ಅನುಭವಿ ಮಹಿಳೆ, ಇಲ್ಲಿ ನಮ್ಮನ್ನು ತಡೆದರು. "ನೀವು ಮೂವರೂ ಒಳ್ಳೆಯ ಸಂಬಂಧದಲ್ಲಿರುವಾಗಲೇ ಆರ್ಟಿಕಲ್ಸನ್ನು ಒಂದೊಂದೇ ಸಾಲು ಓದಿ; ಜಗಳ ಬಂದ ದಿನ ಓದಿದರೆ ಪ್ರತಿಯೊಂದು ಸಾಲೂ ಯಾರೋ ಒಬ್ಬರ ಪರವಾಗಿ ಕಾಣಿಸುತ್ತದೆ" ಎಂದರು. ಅವರ ಮಾತಿನಂತೆ ಕೂತು ಓದಿದ್ದರಿಂದಲೇ ಷೇರು ವರ್ಗಾವಣೆ, ಮತಗಳು ಸಮವಾದಾಗ ಅಧ್ಯಕ್ಷರು ಹಾಕುವ ನಿರ್ಣಾಯಕ ಮತ, ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ ಅಂದರೆ ಕೋರಂ ಈ ಮೂರು ವಿಷಯಗಳಲ್ಲಿ ಮಾದರಿಯ ನಿಯಮ ನಮಗೆ ಹೊಂದುವುದಿಲ್ಲವೆಂದು ತಿಳಿದು, ಆರಂಭದಲ್ಲೇ ಬದಲಿಸಿಕೊಂಡೆವು. ಮೂವರಲ್ಲಿ ಇಬ್ಬರು ಹಾಜರಿದ್ದರೆ ಮಂಡಳಿ ಸಭೆ ಸಿಂಧು ಎಂಬುದು ಸಾಮಾನ್ಯ ನಿಯಮ. ಬಂಡವಾಳ, ಸಾಲ, ಷೇರು ಈ ವಿಷಯಗಳಿಗೆ ಮಾತ್ರ ಮೂವರೂ ಇರಲೇಬೇಕೆಂದು ನಾವು ಬರೆಸಿದೆವು; ಒಬ್ಬರು ಬೇಕೆಂದೇ ಗೈರುಹಾಜರಾಗಿ ಸಭೆಯನ್ನು ತಡೆಯಬಾರದೆಂದು, ಮುಂದೂಡಿದ ಸಭೆಗೆ ಆ ಕಟ್ಟುಪಾಡು ಇಲ್ಲವೆಂದೂ ಸೇರಿಸಿದೆವು.

ನೋಂದಣಿ ಪತ್ರ ಬಂದ ಕ್ಷಣದಿಂದ ನಮ್ಮ ಉದ್ಯಮದಲ್ಲಿ ನಾಲ್ಕನೆಯ ವ್ಯಕ್ತಿಯೊಬ್ಬರು ಸೇರಿಕೊಂಡಂತಾಯಿತು. ಕಂಪನಿಗೆ ತನ್ನದೇ ಆದ ಕಾನೂನು ವ್ಯಕ್ತಿತ್ವ ಇದೆ, ಅದು ಆಸ್ತಿ ಹೊಂದಬಲ್ಲದು, ದಾವೆ ಹೂಡಬಲ್ಲದು, ದಾವೆಗೆ ಗುರಿಯಾಗಬಲ್ಲದು ಎಂಬುದು ಕಂಪನಿ ಕಾನೂನಿನ ಬುನಾದಿ. ಇದನ್ನು ಗಟ್ಟಿಗೊಳಿಸಿದ ತೀರ್ಪು 1897ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ಸಾಲೊಮನ್ ಪ್ರಕರಣದ್ದು. ಲಂಡನ್ನಿನ ಬೂಟು ತಯಾರಕ ಆರೊನ್ ಸಾಲೊಮನ್ ತನ್ನ ವ್ಯಾಪಾರವನ್ನು 1892ರಲ್ಲಿ ಕಂಪನಿಗೆ ಮಾರಿದ್ದ. ಒಟ್ಟು 20,007 ಷೇರುಗಳಲ್ಲಿ 20,001 ಅವನವೇ, ಉಳಿದ ಆರು ಹೆಂಡತಿ ಮಕ್ಕಳ ಹೆಸರಿನಲ್ಲಿದ್ದವು. ಜೊತೆಗೆ ಕಂಪನಿಯ ಆಸ್ತಿಯ ಮೇಲೆ ಭದ್ರತೆಯುಳ್ಳ 10,000 ಪೌಂಡಿನ ಡಿಬೆಂಚರುಗಳನ್ನೂ, ಅಂದರೆ ಸಾಲಪತ್ರಗಳನ್ನೂ, ಪಡೆದಿದ್ದ. ಕಂಪನಿ ಮುಳುಗಿದಾಗ, ಇದು ಹೆಸರಿಗಷ್ಟೇ ಕಂಪನಿ, ನಿಜವಾದ ಮಾಲೀಕ ಸಾಲೊಮನ್, ಸಾಲವನ್ನು ಅವನೇ ತೀರಿಸಬೇಕು ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದವು. ಹೌಸ್ ಆಫ್ ಲಾರ್ಡ್ಸ್ ಅದನ್ನು ಒಮ್ಮತದಿಂದ ತಳ್ಳಿಹಾಕಿತು: ಕಾನೂನಿನಂತೆ ಹುಟ್ಟಿದ ಕಂಪನಿ, ಅದರ ಷೇರುಗಳೆಲ್ಲ ಒಬ್ಬನ ಕೈಯಲ್ಲಿದ್ದರೂ, ಬೇರೆಯೇ ವ್ಯಕ್ತಿ.

ಸಾಲೊಮನ್ ತೀರ್ಪು ಮಾಲೀಕನಿಗೆ ಅನುಕೂಲವಾದದ್ದರಿಂದ ಎಲ್ಲರಿಗೂ ನೆನಪಿರುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ತತ್ವ ಮಾಲೀಕನಿಗೆ ಮುಳುವಾದ 1925ರ ಮಕೌರಾ ಪ್ರಕರಣ. ಐರ್ಲೆಂಡಿನ ಆ ಜಮೀನುದಾರ ತನ್ನ ಜಮೀನಿನ ಮರದ ದಾಸ್ತಾನನ್ನೆಲ್ಲ ತನ್ನದೇ ಕಂಪನಿಗೆ ಮಾರಿದ್ದ, ಆದರೆ ಅದರ ವಿಮೆಯನ್ನು ತನ್ನ ಸ್ವಂತ ಹೆಸರಿನಲ್ಲೇ ಮಾಡಿಸಿದ್ದ. ಬೆಂಕಿ ಬಿದ್ದು ಮರವೆಲ್ಲ ಸುಟ್ಟಾಗ ವಿಮೆಯ ಹಣ ಸಿಗಲಿಲ್ಲ. ಮರ ಕಂಪನಿಯದ್ದು, ಷೇರುದಾರನಿಗೆ ಕಂಪನಿಯ ಆಸ್ತಿಯ ಮೇಲೆ ವಿಮೆ ಮಾಡಿಸಬಹುದಾದ ಹಿತಾಸಕ್ತಿ ಇಲ್ಲ ಎಂದು ತೀರ್ಮಾನವಾಯಿತು. ಇದನ್ನು ಓದಿದ ಮೇಲೆ ನಾವು ಆಸ್ತಿ ವರ್ಗಾವಣೆಯ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡೆವು. ಯಂತ್ರಗಳ ವಿಮೆ, ವಿದ್ಯುತ್ ಸಂಪರ್ಕ, ಪರವಾನಗಿ, ಗಿರಾಕಿಗಳ ಒಪ್ಪಂದ, ಸಾಗಣೆ ವಾಹನದ ದಾಖಲೆ, ಎಲ್ಲವೂ ಪಾಲುದಾರಿಕೆಯ ಹೆಸರಿನಿಂದ ಕಂಪನಿಯ ಹೆಸರಿಗೆ ಬಂದಿದೆಯೇ ಎಂದು ಒಂದೊಂದಾಗಿ ಪರಿಶೀಲಿಸಿದೆವು. ಈ ಕೆಲಸ ನೋಂದಣಿಗಿಂತ ಬಹಳ ದೀರ್ಘವಾಯಿತು.

ಕಂಪನಿಗೆ ಬಾಯಿಲ್ಲ, ಕೈಯಿಲ್ಲ. ಹಾಗಾದರೆ ಅದು ನಿರ್ಧಾರ ಮಾಡುವುದು ಹೇಗೆ? ಎರಡು ಅಂಗಗಳ ಮೂಲಕ: ನಿರ್ದೇಶಕ ಮಂಡಳಿ ಮತ್ತು ಷೇರುದಾರರ ಸಾಮಾನ್ಯ ಸಭೆ. ಮೂರೂ ಜನ ಎರಡೂ ಕಡೆ ಇರುವಾಗ ಇವುಗಳ ನಡುವಿನ ಗೆರೆ ವ್ಯರ್ಥ ಶಾಸ್ತ್ರದಂತೆ ಕಂಡದ್ದು ನಿಜ. ನಮ್ಮಲ್ಲಿ ಹಿರಿಯ ಪಾಲುದಾರರು ಅರ್ಧದಷ್ಟು ಷೇರುಗಳನ್ನು ಹೊಂದಿದ್ದರು. ಮೊದಲ ಮಂಡಳಿ ಸಭೆಗಳಲ್ಲೊಂದರಲ್ಲಿ ಹೊಸ ಯಂತ್ರದ ಖರೀದಿ ಚರ್ಚೆಗೆ ಬಂದಾಗ, "ಬಂಡವಾಳದಲ್ಲಿ ಅರ್ಧ ನನ್ನದು, ಆದ್ದರಿಂದ ನನ್ನ ಮಾತೇ ನಡೆಯಬೇಕಲ್ಲವೇ?" ಎಂದು ಅವರು ಸಹಜವಾಗಿ ಕೇಳಿದರು. ಪಾಲುದಾರಿಕೆಯಲ್ಲಿ ಅವರ ಮಾತು ಹಾಗೆಯೇ ನಡೆದುಕೊಂಡು ಬಂದಿತ್ತು, ಅವರ ಅನುಭವಕ್ಕೆ ನಮ್ಮ ಗೌರವವೂ ಇತ್ತು. ಕಂಪನಿ ಸೆಕ್ರೆಟರಿ ಸೌಜನ್ಯದಿಂದಲೇ ವಿವರಿಸಿದರು: ಮಂಡಳಿಯಲ್ಲಿ ಷೇರುಗಳ ಲೆಕ್ಕವಿಲ್ಲ, ಒಬ್ಬ ನಿರ್ದೇಶಕನಿಗೆ ಒಂದು ಮತ, ಷೇರುಗಳಿಗೆ ತಕ್ಕ ಮತ ಬರುವುದು ಸಾಮಾನ್ಯ ಸಭೆಯಲ್ಲಿ ಮಾತ್ರ.

ಅವರು ಕೇಳಿದ ಇನ್ನೊಂದು ಪ್ರಶ್ನೆ ಇನ್ನೂ ಆಳವಾದದ್ದು: ಹೆಚ್ಚಿನ ಷೇರುಗಳನ್ನು ಹೊಂದಿದವರು ಸಾಮಾನ್ಯ ಸಭೆ ಕರೆದು ಮಂಡಳಿಗೆ ಆಜ್ಞೆ ಮಾಡಬಹುದೇ? ಇಂಗ್ಲೆಂಡಿನಲ್ಲಿ 1906ರಲ್ಲಿ ತೀರ್ಮಾನವಾದ, ಫಿಲ್ಟರ್ ತಯಾರಿಕೆಯ ಕಂಪನಿಯೊಂದಕ್ಕೆ ಸಂಬಂಧಿಸಿದ ಕನಿಂಗ್‌ಹ್ಯಾಮ್ ಪ್ರಕರಣ ಇದಕ್ಕೆ ಉತ್ತರ. ಅಲ್ಲಿ ಸುಮಾರು ಶೇ 55ರಷ್ಟು ಮತಗಳಿಂದ ಷೇರುದಾರರು ಕಂಪನಿಯ ಆಸ್ತಿಯನ್ನು ಮಾರುವಂತೆ ನಿರ್ಣಯ ಮಾಡಿದರು. ಮಾರಾಟ ಕಂಪನಿಯ ಹಿತಕ್ಕಲ್ಲವೆಂದು ನಂಬಿದ ನಿರ್ದೇಶಕರು ನಿರಾಕರಿಸಿದರು. ನ್ಯಾಯಾಲಯ ನಿರ್ದೇಶಕರ ಪರವಾಗಿ ನಿಂತಿತು. ಆಡಳಿತದ ಅಧಿಕಾರವನ್ನು ಆರ್ಟಿಕಲ್ಸ್ ಮಂಡಳಿಗೆ ಕೊಟ್ಟಿರುವಾಗ, ಸರಳ ಬಹುಮತದ ನಿರ್ಣಯದಿಂದ ಅದನ್ನು ಕಿತ್ತುಕೊಳ್ಳುವಂತಿಲ್ಲ. ಷೇರುದಾರರು ಬೇಕಿದ್ದರೆ ಆರ್ಟಿಕಲ್ಸನ್ನು ಬದಲಿಸಲಿ, ಅಥವಾ ನಿರ್ದೇಶಕರನ್ನು ಬದಲಿಸಲಿ. ಹಿರಿಯರು ಇದನ್ನು ಒಪ್ಪಿಕೊಂಡ ರೀತಿ ನನಗೆ ಬಹಳ ಹಿಡಿಸಿತು. ಯಂತ್ರ ಏಕೆ ಬೇಕು ಎಂಬುದಕ್ಕೆ ಲೆಕ್ಕಪತ್ರ ತಯಾರಿಸಿಕೊಂಡು ಮುಂದಿನ ಸಭೆಗೆ ಬಂದರು, ಪ್ರಸ್ತಾವ ಒಮ್ಮತದಿಂದ ಅಂಗೀಕಾರವಾಯಿತು. ಪಾಲುದಾರಿಕೆಯ ಕಾಲದಲ್ಲಿ ಆ ಲೆಕ್ಕಪತ್ರ ಹುಟ್ಟುತ್ತಿರಲಿಲ್ಲ.

ಸಭೆಗಳ ಸಂಖ್ಯೆ, ಅಂತರ ಮೊದಲಾದವು ದೇಶದಿಂದ ದೇಶಕ್ಕೆ ಬೇರೆ. ಭಾರತದ 2013ರ ಕಂಪನಿ ಕಾಯ್ದೆಯ ಸಾಮಾನ್ಯ ನಿಯಮದಂತೆ ಮಂಡಳಿ ವರ್ಷಕ್ಕೆ ನಾಲ್ಕು ಬಾರಿಯಾದರೂ ಸೇರಬೇಕು, ಎರಡು ಸಭೆಗಳ ನಡುವೆ 120 ದಿನಗಳಿಗಿಂತ ಹೆಚ್ಚು ಅಂತರ ಇರಬಾರದು. ಬ್ರಿಟನ್ನಿನ 2006ರ ಕಾಯ್ದೆ ಖಾಸಗಿ ಕಂಪನಿಗಳಿಗೆ ವಾರ್ಷಿಕ ಸಾಮಾನ್ಯ ಸಭೆಯನ್ನೇ ಕಡ್ಡಾಯ ಮಾಡಿಲ್ಲ. ಆದರೆ ನೋಟೀಸು, ಕಾರ್ಯಸೂಚಿ, ಕೋರಂ, ನಡಾವಳಿ ಎಂಬ ಚೌಕಟ್ಟು ಎಲ್ಲ ಕಡೆಯೂ ಒಂದೇ. ನಡಾವಳಿ ಬರೆಯುವ ಹೊಣೆ ನನಗೆ ಬಂದದ್ದರಿಂದ ಅದರ ಮಹತ್ವ ನನಗೆ ಇತರರಿಗಿಂತ ಬೇಗ ತಿಳಿಯಿತು. ಯಾರು ಏನು ಹೇಳಿದರು ಎಂಬ ವರದಿ ಅದಲ್ಲ. ಯಾವ ಮಾಹಿತಿ ಮಂಡಳಿಯ ಮುಂದಿತ್ತು, ಯಾವ ಪರ್ಯಾಯಗಳನ್ನು ಪರಿಶೀಲಿಸಲಾಯಿತು, ಯಾರು ಭಿನ್ನಮತ ದಾಖಲಿಸಿದರು, ಏನು ತೀರ್ಮಾನವಾಯಿತು ಎಂಬುದನ್ನು ಅದು ಹೇಳಬೇಕು. ಅಮೆರಿಕದ ಡೆಲವೇರ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ನಿರ್ಧರಿಸಿದ ವ್ಯಾನ್ ಗಾರ್ಕಮ್ ಪ್ರಕರಣವನ್ನು ನಾನು ನಡಾವಳಿಯ ಪಾಠವಾಗಿಯೇ ಓದುತ್ತೇನೆ. ಟ್ರಾನ್ಸ್ ಯೂನಿಯನ್ ಕಂಪನಿಯ ನಿರ್ದೇಶಕರು ಷೇರಿಗೆ 55 ಡಾಲರಿನಂತೆ ಇಡೀ ಕಂಪನಿಯನ್ನು ಮಾರಲು ಒಪ್ಪಿದ್ದು ಸುಮಾರು ಎರಡು ಗಂಟೆಯ ಸಭೆಯಲ್ಲಿ, ಮುಖ್ಯಸ್ಥರ ಇಪ್ಪತ್ತು ನಿಮಿಷದ ಮೌಖಿಕ ವಿವರಣೆಯ ಮೇಲೆ, ಒಪ್ಪಂದದ ಕರಡನ್ನೂ ಓದದೆ. ಬೆಲೆ ಆಗಿನ ಮಾರುಕಟ್ಟೆ ದರಕ್ಕಿಂತ ಹೆಚ್ಚೇ ಇತ್ತು, ನಿರ್ದೇಶಕರ ಪ್ರಾಮಾಣಿಕತೆಯ ಬಗ್ಗೆ ಯಾರೂ ಸಂಶಯ ಪಡಲಿಲ್ಲ. ಆದರೂ ತಿಳಿದುಕೊಳ್ಳದೆ ತೀರ್ಮಾನಿಸಿದ್ದು ಘೋರ ನಿರ್ಲಕ್ಷ್ಯ ಎಂದು ನ್ಯಾಯಾಲಯ ಹೇಳಿತು. ಸಾಧಾರಣವಾಗಿ ನ್ಯಾಯಾಲಯಗಳು ನಿರ್ದೇಶಕರ ವ್ಯಾಪಾರ ವಿವೇಚನೆಯಲ್ಲಿ ಕೈಹಾಕುವುದಿಲ್ಲ. ಆ ರಿಯಾಯಿತಿ ಸಿಗುವುದು ವಿವೇಚನೆ ನಡೆದಿದ್ದರೆ ಮಾತ್ರ. ಈ ಪ್ರಕರಣವನ್ನು ಸಹೋದ್ಯೋಗಿಗಳಿಗೆ ಓದಿ ಹೇಳಿದ ಮೇಲೆ, ಸಭೆಯ ಕಾಗದಗಳು ಒಂದು ವಾರ ಮೊದಲೇ ಕೈಗೆ ಬರದಿದ್ದರೆ ಆ ವಿಷಯವನ್ನು ಮುಂದೂಡುವುದೆಂದು ಒಪ್ಪಿಕೊಂಡೆವು.

ನಿರ್ದೇಶಕನ ಕರ್ತವ್ಯಗಳಲ್ಲಿ ಅತ್ಯಂತ ಕಠಿಣವಾದದ್ದು ಹಿತಾಸಕ್ತಿಯ ಸಂಘರ್ಷಕ್ಕೆ ಸಂಬಂಧಿಸಿದ್ದು. ಗೋದಾಮಿಗೆ ಜಾಗ ಬೇಕಾದಾಗ ಮೂರನೆಯ ನಿರ್ದೇಶಕರು ತಮ್ಮ ಅಣ್ಣನ ಕಟ್ಟಡವನ್ನು ಸೂಚಿಸಿದರು. ಬಾಡಿಗೆಯೂ ನ್ಯಾಯವಾಗಿಯೇ ಇತ್ತು. ಸಂಬಂಧವನ್ನು ಲಿಖಿತವಾಗಿ ತಿಳಿಸಿ, ಆ ವಿಷಯದ ಚರ್ಚೆ ಮತ್ತು ಮತದಾನದಿಂದ ಹೊರಗುಳಿಯಬೇಕೆಂದು ಕಂಪನಿ ಸೆಕ್ರೆಟರಿ ಹೇಳಿದಾಗ ಅವರಿಗೆ ನೋವಾಯಿತು. "ನನ್ನ ಮೇಲೆ ಅಪನಂಬಿಕೆಯೇ?" ಎಂದು ಕೇಳಿದರು. ಅವರ ನೋವು ನನಗೆ ಅರ್ಥವಾಗುತ್ತಿತ್ತು, ಆದರೆ ಕಾನೂನು ಇಲ್ಲಿ ವ್ಯಕ್ತಿಯ ಪ್ರಾಮಾಣಿಕತೆಯನ್ನು ಅಳೆಯುವುದೇ ಇಲ್ಲ. 1942ರ ರೀಗಲ್ ಪ್ರಕರಣದಲ್ಲಿ ಸಿನಿಮಾ ಮಂದಿರ ನಡೆಸುತ್ತಿದ್ದ ಕಂಪನಿ ಇನ್ನೆರಡು ಮಂದಿರಗಳನ್ನು ಗುತ್ತಿಗೆಗೆ ಪಡೆಯಲು ಉಪಕಂಪನಿ ಮಾಡಿತು. ಅದಕ್ಕೆ ಬೇಕಾದ 5,000 ಪೌಂಡಿನಲ್ಲಿ ಕಂಪನಿ ಹೊಂದಿಸಬಲ್ಲದ್ದು 2,000 ಮಾತ್ರ ಎಂದು ಮಂಡಳಿ ತೀರ್ಮಾನಿಸಿತು. ಉಳಿದ ಷೇರುಗಳ ಹೆಚ್ಚಿನ ಭಾಗವನ್ನು ನಿರ್ದೇಶಕರು ತಮ್ಮ ಹಣದಿಂದಲೇ ಕೊಂಡರು, ಮುಂದೆ ಲಾಭಕ್ಕೆ ಮಾರಿದರು. ಅವರು ಮೋಸ ಮಾಡಿರಲಿಲ್ಲ, ಕಂಪನಿಗೆ ನಷ್ಟವೂ ಆಗಿರಲಿಲ್ಲ. ಆದರೂ ನಿರ್ದೇಶಕರೆಂಬ ಸ್ಥಾನದಿಂದಲೇ ಆ ಅವಕಾಶ ಸಿಕ್ಕಿತ್ತು, ಷೇರುದಾರರ ಒಪ್ಪಿಗೆ ಪಡೆದಿರಲಿಲ್ಲ ಎಂಬ ಕಾರಣಕ್ಕೆ ತಮ್ಮ ಲಾಭವನ್ನು ಕಂಪನಿಗೆ ಒಪ್ಪಿಸಬೇಕಾಯಿತು. ಬಹಿರಂಗಪಡಿಸಿ ಒಪ್ಪಿಗೆ ಪಡೆಯುವುದು ಪ್ರಾಮಾಣಿಕ ನಿರ್ದೇಶಕನಿಗೇ ದೊಡ್ಡ ರಕ್ಷಣೆ ಎಂದು ಈ ಪ್ರಕರಣವನ್ನಿಟ್ಟುಕೊಂಡು ಮಾತನಾಡಿದ ಮೇಲೆ ಅವರ ಮುಖ ಸಡಿಲವಾಯಿತು. ಅವರು ಹೊರಗೆ ಕುಳಿತರು, ನಾವಿಬ್ಬರು ಸುತ್ತಲಿನ ಬಾಡಿಗೆ ದರಗಳನ್ನು ವಿಚಾರಿಸಿ, ಅದೇ ಕಟ್ಟಡವನ್ನು ಅದೇ ಬಾಡಿಗೆಗೆ ಒಪ್ಪಿದೆವು. ಫಲಿತಾಂಶ ಬದಲಾಗಲಿಲ್ಲ, ಆದರೆ ನಾಳೆ ಯಾರೇ ಪ್ರಶ್ನಿಸಿದರೂ ತೋರಿಸಲು ದಾಖಲೆ ಇದೆ.

ಲೆಕ್ಕಪರಿಶೋಧಕರ ನೇಮಕ, ವಾರ್ಷಿಕ ಲೆಕ್ಕಪತ್ರ, ರಿಟರ್ನ್‌ಗಳ ಸಲ್ಲಿಕೆ ಇವೆಲ್ಲ ಶಿಸ್ತಿನ ಕೆಲಸ, ದಿನಾಂಕ ತಪ್ಪದಿದ್ದರೆ ಸಾಕು. ನಮ್ಮನ್ನು ನಿಜವಾಗಿ ಪರೀಕ್ಷಿಸಿದ್ದು ಹೊಸ ಬಂಡವಾಳದ ಪ್ರಶ್ನೆ. ಹೊರಗಿನ ಹೂಡಿಕೆದಾರರೊಬ್ಬರು ಷೇರು ಪಡೆದು ಹಣ ಹಾಕಲು ಮುಂದೆ ಬಂದರು. ಹೊಸ ಷೇರುಗಳನ್ನು ಮೊದಲು ಈಗಿನ ಷೇರುದಾರರಿಗೆ ಅವರ ಪಾಲಿನ ಪ್ರಮಾಣದಲ್ಲೇ ನೀಡಬೇಕೆಂಬುದು ಬಹಳಷ್ಟು ದೇಶಗಳ ನಿಯಮ. ಹೊರಗಿನವರಿಗೆ ಕೊಡಬೇಕಾದರೆ ವಿಶೇಷ ನಿರ್ಣಯ ಬೇಕು. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಸಾಕು, ವಿಶೇಷ ನಿರ್ಣಯಕ್ಕೆ ಭಾರತದಲ್ಲೂ ಬ್ರಿಟನ್ನಿನಲ್ಲೂ ನಾಲ್ಕರಲ್ಲಿ ಮೂರು ಪಾಲು ಬೇಕು. ಅರ್ಧ ಷೇರು ಹೊಂದಿದ ಹಿರಿಯರು ಒಬ್ಬರೇ ಏನನ್ನೂ ಮಾಡಿಸಲಾರರು, ಆದರೆ ವಿಶೇಷ ನಿರ್ಣಯವನ್ನು ಒಬ್ಬರೇ ತಡೆಯಬಲ್ಲರು. ತಲಾ ಕಾಲುಭಾಗ ಹೊಂದಿದ ನಾವಿಬ್ಬರೂ ತಡೆಯಬಲ್ಲೆವೇ? ನಮ್ಮ ಪಾಲು ನಿಖರವಾಗಿ ಕಾಲುಭಾಗವಾಗಿದ್ದರಿಂದ, ಉಳಿದ ಇಬ್ಬರು ಸೇರಿದರೆ ನಾಲ್ಕರಲ್ಲಿ ಮೂರು ಪಾಲು ಸರಿಯಾಗಿ ತುಂಬುತ್ತದೆ; ಒಬ್ಬರಿಂದಲೇ ತಡೆಯಲು ಸಾಧ್ಯವಿಲ್ಲ. ಪಾಲಿನಲ್ಲಿ ಒಂದೇ ಒಂದು ಷೇರು ಹೆಚ್ಚಿದ್ದರೆ ಅಧಿಕಾರದ ಚಿತ್ರವೇ ಬೇರೆಯಾಗುತ್ತಿತ್ತು. ಷೇರು ಹಂಚಿಕೆ ಮಾಡುವಾಗ ಲಾಭದ ಪಾಲನ್ನಷ್ಟೇ ನೋಡುವವರು ಈ ಲೆಕ್ಕವನ್ನು ಮರೆಯಬಾರದು.

ಷೇರು ಹಂಚುವ ಅಧಿಕಾರವನ್ನು ಯಾವ ಉದ್ದೇಶಕ್ಕೆ ಬಳಸುತ್ತಿದ್ದೇವೆ ಎಂಬುದೂ ಮುಖ್ಯ. ಆಸ್ಟ್ರೇಲಿಯಾದಿಂದ, ಆಗ ಅಲ್ಲಿನ ಮೇಲ್ಮನವಿಗಳನ್ನು ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗಿ 1974ರಲ್ಲಿ ತೀರ್ಮಾನವಾದ ಹೊವಾರ್ಡ್ ಸ್ಮಿತ್ ಪ್ರಕರಣದಲ್ಲಿ ಕಂಪನಿಗೆ ಬಂಡವಾಳದ ಅಗತ್ಯ ನಿಜವಾಗಿಯೂ ಇತ್ತು, ನಿರ್ದೇಶಕರಿಗೆ ಸ್ವಂತ ಲಾಭದ ಆಸೆ ಇರಲಿಲ್ಲ. ಆದರೂ ಸುಮಾರು ಶೇ 55 ಷೇರು ಹೊಂದಿದ್ದ ಇಬ್ಬರನ್ನು ಅಲ್ಪಮತಕ್ಕಿಳಿಸುವುದೇ ಹೊಸ ಷೇರುಗಳ ಮುಖ್ಯ ಉದ್ದೇಶವಾಗಿದ್ದರಿಂದ ಆ ಹಂಚಿಕೆ ಅಸಿಂಧುವಾಯಿತು. ಹೂಡಿಕೆದಾರರು ಬಂದರೆ ಹಿರಿಯರ ಪಾಲು ಅರ್ಧಕ್ಕಿಂತ ಕೆಳಗಿಳಿಯುತ್ತದೆಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಆದ್ದರಿಂದ ಹಣದ ಅಗತ್ಯ, ಸಾಲ ಪಡೆಯುವ ಪರ್ಯಾಯ, ಷೇರಿನ ಬೆಲೆ ನಿಗದಿಯಾದ ಬಗೆ, ಪಾಲಿನ ಮೇಲಾಗುವ ಪರಿಣಾಮ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದು ಅವರ ಮುಂದಿಟ್ಟೆವು. ಅವರು ಸಮಯ ತೆಗೆದುಕೊಂಡು ಯೋಚಿಸಿ ಒಪ್ಪಿದರು. ಒಪ್ಪದಿದ್ದರೆ ನಾವು ಸಾಲದ ದಾರಿ ಹಿಡಿಯುತ್ತಿದ್ದೆವು.

ಹೂಡಿಕೆದಾರರ ಪರವಾಗಿ ಮಂಡಳಿಗೆ ಬಂದ ನಿರ್ದೇಶಕರು ಮೊದಲ ಸಭೆಯಲ್ಲೇ ಒಂದು ಮಾತು ಸ್ಪಷ್ಟಪಡಿಸಿದರು: ತಮ್ಮನ್ನು ಹೂಡಿಕೆದಾರರು ಕಳಿಸಿದ್ದರೂ ಮಂಡಳಿಯಲ್ಲಿ ಕುಳಿತಾಗ ತಮ್ಮ ನಿಷ್ಠೆ ಕಂಪನಿಗೆ. ಇದು ಅವರ ಔದಾರ್ಯವಲ್ಲ, ಕಾನೂನಿನ ಅಪೇಕ್ಷೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವವರು ವಿರಳ. ಷೇರುದಾರನಾಗಿ ಮತ ಹಾಕುವವನು ಸಾಮಾನ್ಯವಾಗಿ ತನ್ನ ಸ್ವಂತ ಹಿತವನ್ನು ನೋಡಬಹುದು, ನಿರ್ದೇಶಕನಾಗಿ ಹಾಗೆ ನೋಡುವಂತಿಲ್ಲ.

ಅವರೇ ಎತ್ತಿದ ಪ್ರಶ್ನೆಯಿಂದ, ಷೇರುದಾರರಾದ ನಾವೆಲ್ಲ ಪರಸ್ಪರ ಮಾಡಿಕೊಂಡ ಒಪ್ಪಂದದ ಕೊನೆಯ ಭಾಗ ಹುಟ್ಟಿತು. ನಾವು ಮೂವರೂ ನಿರ್ದೇಶಕರ ಸಂಬಳದ ರೂಪದಲ್ಲೇ ಹಣ ಪಡೆಯುತ್ತಿದ್ದೆವು, ಲಾಭಾಂಶ ಘೋಷಿಸುತ್ತಿರಲಿಲ್ಲ. ನಾಳೆ ಬಹುಮತದವರು ಒಬ್ಬರನ್ನು ಮಂಡಳಿಯಿಂದ ತೆಗೆದರೆ ಅವರಿಗೆ ಸಂಬಳವೂ ಇಲ್ಲ, ಲಾಭಾಂಶವೂ ಇಲ್ಲ, ಖಾಸಗಿ ಕಂಪನಿಯ ಷೇರನ್ನು ಕೊಳ್ಳುವವರೂ ಇಲ್ಲ. ಇಬ್ರಾಹಿಮಿ ಪ್ರಕರಣದಲ್ಲಿ ನಡೆದದ್ದು ಇದೇ. ರತ್ನಗಂಬಳಿ ವ್ಯಾಪಾರದ ಇಬ್ಬರು ಸಮಪಾಲುದಾರರು 1958ರಲ್ಲಿ ಕಂಪನಿ ಮಾಡಿಕೊಂಡರು. ಒಬ್ಬರ ಮಗ ಸೇರಿದ ಮೇಲೆ ತಂದೆ ಮಗ ಒಂದಾಗಿ ಇಬ್ರಾಹಿಮಿಯನ್ನು ನಿರ್ದೇಶಕ ಸ್ಥಾನದಿಂದ ತೆಗೆದರು. ತೆಗೆಯುವ ಅಧಿಕಾರ ಕಾನೂನಿನಂತೆ ಅವರಿಗಿತ್ತು. ಆದರೆ ಪರಸ್ಪರ ನಂಬಿಕೆಯ ಮೇಲೆ, ಎಲ್ಲರೂ ಆಡಳಿತದಲ್ಲಿರುವರೆಂಬ ತಿಳಿವಳಿಕೆಯ ಮೇಲೆ ನಿಂತ ಕಂಪನಿಯಲ್ಲಿ ಆ ಅಧಿಕಾರವನ್ನು ಹಾಗೆ ಬಳಸಿದ್ದು ನ್ಯಾಯವಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ಕಂಪನಿಯ ಸಮಾಪನಕ್ಕೇ ಒಪ್ಪಿತು. ನೊಂದವನಿಗೆ ನ್ಯಾಯ ಸಿಕ್ಕಿತು, ಕಂಪನಿ ಉಳಿಯಲಿಲ್ಲ. 1999ರ ಓನೀಲ್ ಪ್ರಕರಣದಲ್ಲಿ ನ್ಯಾಯಾಧೀಶ ಲಾರ್ಡ್ ಹಾಫ್‌ಮನ್ ಇದಕ್ಕಿಂತ ಮಿದುವಾದ ದಾರಿಯನ್ನು ವಿವರಿಸಿದರು: ಹೊರಹಾಕಲ್ಪಟ್ಟವನ ಷೇರುಗಳನ್ನು ನ್ಯಾಯವಾದ ಬೆಲೆಗೆ ಕೊಳ್ಳಲು ಉಳಿದವರು ಮುಂದೆ ಬಂದರೆ, ಅವನು ಅನ್ಯಾಯವಾಯಿತೆಂದು ದೂರುವ ಕಾರಣ ಉಳಿಯುವುದಿಲ್ಲ.

ನಮ್ಮ ಒಪ್ಪಂದದ ಆ ಭಾಗವನ್ನು ಈ ಎರಡು ತೀರ್ಪುಗಳನ್ನು ಮುಂದಿಟ್ಟುಕೊಂಡೇ ಬರೆದೆವು. ವಿತರಣೆಗೆ ಅರ್ಹವಾದ ಲಾಭವಿದ್ದಾಗ ಅದರ ನಿಶ್ಚಿತ ಪಾಲನ್ನು ಲಾಭಾಂಶವಾಗಿ ಕೊಡಬೇಕು, ಕೊಡದಿದ್ದರೆ ಕಾರಣವನ್ನು ಮಂಡಳಿ ಲಿಖಿತವಾಗಿ ಹೇಳಬೇಕು. ಸಂಸ್ಥಾಪಕರಲ್ಲಿ ಯಾರೇ ಆಡಳಿತದಿಂದ ಹೊರಗಾದರೂ, ತಾವಾಗಿ ಬಿಟ್ಟರೂ ತೆಗೆಯಲ್ಪಟ್ಟರೂ, ಅವರು ಕೇಳಿದರೆ ಉಳಿದವರು ಅವರ ಷೇರುಗಳನ್ನು ಕೊಳ್ಳಬೇಕು. ಬೆಲೆಯನ್ನು ಎರಡೂ ಕಡೆಯವರು ಒಪ್ಪಿದ ಸ್ವತಂತ್ರ ಮೌಲ್ಯಮಾಪಕರು ನಿರ್ಧರಿಸಬೇಕು, ಇಬ್ಬರ ವಾದವನ್ನೂ ದಾಖಲೆಗಳನ್ನೂ ಅವರು ಸಮಾನವಾಗಿ ನೋಡಬೇಕು. ಅಲ್ಪ ಪಾಲು ಎಂಬ ಕಾರಣಕ್ಕೆ ಬೆಲೆಯಲ್ಲಿ ಕಡಿತ ಮಾಡುವಂತಿಲ್ಲ ಎಂಬ ಸಾಲನ್ನು ಸೇರಿಸಬೇಕೆಂದು ಪಟ್ಟು ಹಿಡಿದವರು, ಎಲ್ಲರಿಗಿಂತ ಹೆಚ್ಚು ಷೇರುಗಳಿದ್ದ ನಮ್ಮ ಹಿರಿಯರು.